ಕಂಟ್ರಿ ಪಾಪ್ ಪ್ರೇಮಗೀತೆ: ಬಾಡಿಗೆ ಟ್ರಕ್ ಬೇಡ, ಆ ಬಸ್ಸಿನ ಸೀಟು ಸಾಕು

ಓದುಗರ ಪ್ರಶ್ನೆ: ನಾವಿರುವುದು ಅಮೆರಿಕದ ಟೆನೆಸೀಯ ಫ್ರಾಂಕ್ಲಿನ್‌ನಲ್ಲಿ, ಕಂಟ್ರಿ ಸಂಗೀತದ ತವರಾದ ನ್ಯಾಶ್‌ವಿಲ್‌ಗೆ ಅರ್ಧ ಗಂಟೆ ದಾರಿ. ಅಕ್ಟೋಬರ್‌ಗೆ ಮದುವೆಯಾಗಿ ಹತ್ತು ವರ್ಷ. ಇಂಗ್ಲಿಷಿನಲ್ಲಿ ಒಂದು ಕಂಟ್ರಿ ಪಾಪ್ (ಇಲ್ಲಿನ ಹಳ್ಳಿಗಾಡಿನ ಹಾಡಿಗೆ ಪಾಪ್ ಬೆರೆತ ಶೈಲಿ) ಪ್ರೇಮಗೀತೆ ಬರೆದಿದ್ದೇನೆ (ಸಾಹಿತ್ಯ, ರೆಕಾರ್ಡಿಂಗ್ ಲಗತ್ತಿಸಿದ್ದೇನೆ). ಹಾಡಿದ್ದು ಹೆಂಡತಿ. ಹನ್ನೆರಡು ವರ್ಷ ಕರ್ನಾಟಕ ಸಂಗೀತ ಕಲಿತವಳು, ಶ್ರುತಿ ಐದು ಮನೆ. ಮನೆಯಲ್ಲೇ ಲ್ಯಾಪ್‌ಟಾಪ್‌ನಲ್ಲಿ ರೆಕಾರ್ಡ್ ಮಾಡಿದೆವು, ಪೆಡಲ್ ಸ್ಟೀಲ್ ಎಂಬ ತಂತಿವಾದ್ಯದ ಸದ್ದನ್ನು ಕೀಬೋರ್ಡಿನಲ್ಲಿ ನುಡಿಸಿದ್ದು. ಕೇಳಿದವರೆಲ್ಲ "ಸಿನಿಮಾ ಹಾಡಿನ ಥರ ಇದೆ" ಅಂತಾರೆ. ಶ್ರುತಿ ತಿದ್ದುವ ಆಟೋಟ್ಯೂನ್ ಹಾಕಿದರೆ ಅವಳ ದನಿ ರೋಬಾಟ್ ಆಗುತ್ತೆ. ನಮ್ಮ ಉಚ್ಚಾರಣೆಯೇ ತೊಂದರೆಯೇ? ಒಂದು ಸಂಸ್ಥೆ ರೆಕಾರ್ಡಿಂಗ್, ವಿಡಿಯೊ, ರೇಡಿಯೊ ಪ್ರಚಾರ, ಪಬ್ಲಿಷಿಂಗ್ (ಹಾಡಿನ ಹಕ್ಕು ನೋಡಿಕೊಳ್ಳುವ) ಕರಾರು ಎಲ್ಲ ಸೇರಿಸಿ 6,800 ಡಾಲರ್ ಕೇಳಿದೆ. ಕೊಡಬಹುದೇ? ವಿಡಿಯೊಗೆ ಹಳೆಯ ಪಿಕಪ್ ಟ್ರಕ್, ಕೌಬಾಯ್ ಟೋಪಿ ಬಾಡಿಗೆಗೆ ನೋಡಿಟ್ಟಿದ್ದೇನೆ. ಸಂಜೆ ಬೆಳಕಿನಲ್ಲಿ ಹುಲ್ಲುಗಾವಲಲ್ಲಿ ಅವಳು ಹಾಡುವುದನ್ನು ತೆಗೆಯುವ ಯೋಚನೆ. ಡ್ರೋನ್ ನನ್ನದೇ ಇದೆ. ವೀಸಾ ಎಚ್-1ಬಿ. ಅಂದಹಾಗೆ ನಾವು ಮೊದಲು ಭೇಟಿಯಾದದ್ದು ಶಿವಮೊಗ್ಗ ಬಸ್ ನಿಲ್ದಾಣದಲ್ಲಿ, ಮಳೆಗಾಲ. ಬಸ್ಸಿನಲ್ಲಿ ಒಂದೇ ಸೀಟು ಖಾಲಿ ಇತ್ತು. ಅವಳು ಕೂತಳು, ನಾನು ತೀರ್ಥಹಳ್ಳಿವರೆಗೂ ನಿಂತೇ ಬಂದೆ. ಆ ಟಿಕೆಟ್ ಇನ್ನೂ ಅವಳ ಹತ್ತಿರ ಇದೆ. ಇದಕ್ಕೂ ಹಾಡಿಗೂ ಸಂಬಂಧವಿಲ್ಲ, ಸುಮ್ಮನೆ ಬರೆದೆ.

ತಜ್ಞರ ಉತ್ತರ: ಕೊನೆಗೆ "ಸುಮ್ಮನೆ ಬರೆದೆ" ಎಂದಿದ್ದೀರಲ್ಲ, ನಿಮ್ಮ ಹಾಡು ಇರುವುದೇ ಆ ನಾಲ್ಕು ಸಾಲಿನಲ್ಲಿ. ನೀವು ಕಳಿಸಿದ ಸಾಹಿತ್ಯದಲ್ಲಿ ಟ್ರಕ್ ಇದೆ, ವಿಸ್ಕಿ ಇದೆ, ಮಣ್ಣಿನ ರಸ್ತೆ ಇದೆ, ಕೋರಸ್‌ನಲ್ಲಿ ನೀನೇ ಚಂದ್ರ, ನೀನೇ ಸಮುದ್ರ ಎಂದಿದೆ. ಅವುಗಳಲ್ಲಿ ಒಂದೂ ನಿಮ್ಮಿಬ್ಬರದ್ದಲ್ಲ. ನಾವು ಹೊರಗಿನವರು, ಈ ಊರಿನ ಹಾಡು ನಮ್ಮ ಬಾಯಲ್ಲಿ ಬಂದೀತೇ ಎಂಬ ಅಳುಕಿನಿಂದ ಊರಿನ ವೇಷವನ್ನೆಲ್ಲ ಒಟ್ಟಿಗೆ ಹಾಕಿಕೊಂಡಿದ್ದೀರಿ. ಕಂಟ್ರಿ ಹಾಡು ಕೇಳುವವರು ಹುಡುಕುವುದು ವೇಷವನ್ನಲ್ಲ. ಯಾವ ಊರು, ಯಾವ ಹೊತ್ತು, ಕೈಯಲ್ಲಿ ಏನಿತ್ತು ಎಂಬುದು ಅವರಿಗೆ ಬೇಕು. ಟ್ರಕ್ಕಿನ ಜಾಗದಲ್ಲಿ ತೀರ್ಥಹಳ್ಳಿ ಬಸ್ ಬಂದರೆ ಹಾಡು ಕಂಟ್ರಿತನ ಕಳೆದುಕೊಳ್ಳುವುದಿಲ್ಲ, ಅದು ಬರುವುದೇ ಆಗ.

ನ್ಯಾಶ್‌ವಿಲ್‌ನಲ್ಲಿ ಹಾಡು ಬರೆಯುವವರು ಮೊದಲು ಹುಡುಕುವುದು ಶೀರ್ಷಿಕೆಯನ್ನು. ಕೋರಸ್‌ನ ಕೊನೆಯಲ್ಲಿ ಬಂದು ಕೂರುವ ಸಾಲು ಅದು, ಮತ್ತೆ ಬಂದಾಗ ಅರ್ಥ ಸ್ವಲ್ಪ ಹೊರಳಿರಬೇಕು. ನಿಮ್ಮ ಪತ್ರದಲ್ಲೇ ಒಂದು ಸಿದ್ಧವಾಗಿದೆ: "ಒನ್ ಸೀಟ್ ಲೆಫ್ಟ್". ಮೊದಲ ಚರಣದಲ್ಲಿ ಅದು ಬಸ್ಸಿನ ಸೀಟು. ಎರಡನೆಯದರಲ್ಲಿ ಬೇರೆ ದೇಶದ ಬಾಡಿಗೆ ಮನೆ, ಸಾಮಾನು ಬಂದಿಲ್ಲ, ಇರುವುದೊಂದೇ ಕುರ್ಚಿ. ಕೊನೆಯ ಸಲ ಅದು ಅವಳ ಪಕ್ಕದ ಜಾಗ, ಈಗ ನೀವು ನಿಂತಿಲ್ಲ. ಕುರ್ಚಿ ನಾನು ಊಹಿಸಿದ್ದು, ನಿಮ್ಮ ನಿಜದಲ್ಲಿ ಬೇರೇನೋ ಇರುತ್ತದೆ, ಅದನ್ನೇ ಹಾಕಿ. ನ್ಯಾಶ್‌ವಿಲ್‌ನ ಬ್ಲೂಬರ್ಡ್ ಕೆಫೆ ನಿಮಗೆ ಹತ್ತಿರ. 1982ರಿಂದ ನಡೆಯುತ್ತಿರುವ, ಸುಮಾರು ತೊಂಬತ್ತು ಸೀಟಿನ ಪುಟ್ಟ ಜಾಗ. ಹಾಡು ಬರೆದವರೇ ನಡುವೆ ದುಂಡಗೆ ಕೂತು ಸರದಿಯಂತೆ ಹಾಡುತ್ತಾರೆ. ಸಾಹಿತ್ಯ ತಿದ್ದುವ ಮೊದಲು ಒಂದು ಸಂಜೆ ಹೋಗಿ ಕೂತು ಬನ್ನಿ. ಒಂದೇ ಗಿಟಾರಿನ ಮೇಲೆ ನಿಲ್ಲುವ ಹಾಡು ಹೇಗಿರುತ್ತದೆಂದು ಅಲ್ಲಿ ಕಿವಿಗೇ ಗೊತ್ತಾಗುತ್ತದೆ.

ಇನ್ನು "ಸಿನಿಮಾ ಹಾಡಿನ ಥರ" ಎಂಬ ಮಾತು. ಅದು ಉಚ್ಚಾರಣೆಯಿಂದ ಬಂದದ್ದಲ್ಲ, ಹಾಡಿನ ರಚನೆಯಿಂದ ಬಂದದ್ದು. ನಿಮ್ಮ ಹಾಡು 40 ಸೆಕೆಂಡಿನ ಬಿಜಿಎಂನಿಂದ ಶುರುವಾಗಿ ನೇರ ಪಲ್ಲವಿಗೆ ಬರುತ್ತದೆ, ಆಮೇಲೆ ಉದ್ದದ ಇಂಟರ್‌ಲ್ಯೂಡ್, ಆಮೇಲೆ ಚರಣ. ನಮ್ಮ ಕಿವಿಗೆ ಅದು ಸಹಜ. ಕಂಟ್ರಿ ಪಾಪ್‌ನಲ್ಲಿ ಕ್ರಮ ತಿರುಗುಮುರುಗು: ಮೊದಲು ಚರಣ ಕಥೆ ಹೇಳುತ್ತದೆ, ಆಮೇಲೆ ಕೋರಸ್ ಅದರ ಭಾವ ಹೇಳುತ್ತದೆ. ನಿಮ್ಮ ವೇಗ ನಿಮಿಷಕ್ಕೆ 76 ಬೀಟ್, ಅಂದರೆ ನಾಲ್ಕು ಬೀಟಿನ ಒಂದು ಬಾರ್‌ಗೆ 3.16 ಸೆಕೆಂಡ್. ನಾಲ್ಕು ಬಾರ್ ಮುನ್ನುಡಿ, ಎಂಟು ಬಾರ್ ಚರಣ, ಕೋರಸ್‌ಗೆ ಏರಿಸುವ ನಾಲ್ಕು ಬಾರ್, ಇಷ್ಟಾದರೆ ಕೋರಸ್ ಐವತ್ತು ಸೆಕೆಂಡಿಗೆ ಬರುತ್ತದೆ. ಒಂದು ನಿಮಿಷ ದಾಟಿಸಬೇಡಿ. ಚರಣ-ಕೋರಸ್ ಎರಡು ಸುತ್ತು, ಎಂಟು ಬಾರ್ ಬ್ರಿಜ್ (ರಾಗ ಬದಲಾಗುವ ನಡುಭಾಗ), ಕೊನೆಯ ಕೋರಸ್, ನಾಲ್ಕು ಬಾರ್ ಮುಕ್ತಾಯ: ಒಟ್ಟು ಮೂರೂವರೆ ನಿಮಿಷದೊಳಗೆ ಮುಗಿಯುತ್ತದೆ.

ಉಚ್ಚಾರಣೆಯ ವಿಷಯದಲ್ಲಿ ನನ್ನ ಸಲಹೆ ಚಿಕ್ಕದು. ದಕ್ಷಿಣದವರ ಎಳೆತವನ್ನು ಅನುಕರಿಸಬೇಡಿ, ಕೇಳುವವರಿಗೆ ಕೂಡಲೇ ತಿಳಿಯುತ್ತದೆ, ಬೇಸರವೂ ಆಗುತ್ತದೆ. ತಿದ್ದಬೇಕಾದದ್ದು ಒಂದೇ. ಕನ್ನಡದ ಬಾಯಿಗೆ "ವೆಯ್ಟ್" ಮತ್ತು "ವೆರಿ" ಎರಡರ ವಕಾರವೂ ಒಂದೇ. ಮೊದಲನೆಯದಕ್ಕೆ ತುಟಿ ಸೀಟಿ ಹೊಡೆಯುವಂತೆ ದುಂಡಾಗಬೇಕು, ಎರಡನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಪ್ರೇಮಗೀತೆಯಲ್ಲಿ "ಲವ್" ಎಂಬ ಪದವೇ ಹತ್ತು ಸಲ ಬರುವಾಗ ಅದರ ಕೊನೆ ಸ್ಪಷ್ಟವಿದ್ದರೆ ಸಾಕು. ಉಳಿದದ್ದು ನಿಮ್ಮ ಹೆಂಡತಿಯ ದನಿಯ ಗುರುತು, ಇರಲಿ.

ನಿಜವಾದ ಕೆಲಸ ಇರುವುದು ಗಮಕದಲ್ಲಿ. ನಿಮ್ಮವರು ಕಲಿತ ವಿದ್ಯೆ ಇಲ್ಲಿ ಅಡ್ಡಿಯಲ್ಲ, ಅರ್ಧ ದಾರಿ ಆಗಲೇ ನಡೆದಿದ್ದಾರೆ. ಕಂಟ್ರಿಯ ಬಹುಪಾಲು ರಾಗಗಳು ಸ ರಿ ಗ ಪ ಧ ಸುತ್ತಲೇ ಓಡಾಡುತ್ತವೆ, ಅಂದರೆ ನಮ್ಮ ಮೋಹನದ ಸ್ವರಗಳು. ಆದರೆ ಮೋಹನದಲ್ಲಿ ಗಾಂಧಾರ, ಧೈವತಗಳನ್ನು ತೂಗಿಸಿ ಹಾಡಿ ಅಭ್ಯಾಸ. ಕಂಟ್ರಿಯಲ್ಲಿ ಸ್ವರ ತೂಗುವುದಿಲ್ಲ. ಸಾಧಾರಣ ಗಾಂಧಾರವನ್ನು (ಕೆಳಗಿನ ಗ) ಹಾಗೆ ಮುಟ್ಟಿ ಅಂತರ ಗಾಂಧಾರಕ್ಕೆ (ಮೇಲಿನ ಗ) ಒಮ್ಮೆ ಜಾರಿ, ಅಲ್ಲೇ ನೆಟ್ಟಗೆ ನಿಲ್ಲುತ್ತದೆ. ಕೆಳಗಿನಿಂದ ಒಂದು ಜಾರು, ಆಮೇಲೆ ನಿಲುಗಡೆ. ಸಾಲಿನ ಕೊನೆಯಲ್ಲಿ ದನಿ ಎದೆಯಿಂದ ತಲೆಗೆ ಥಟ್ಟನೆ ಒಡೆದು ಹಾರುವುದುಂಟು, ಅಳು ಬಂದಂತೆ. ಅದನ್ನು ಕೋರಸ್‌ಗೆ ಒಂದೇ ಕಡೆ ಇಟ್ಟುಕೊಳ್ಳಿ.

ಆಟೋಟ್ಯೂನ್ ರೋಬಾಟ್ ಆಗುವ ಕಾರಣವೂ ಇದೇ. ಆ ತಂತ್ರಾಂಶ ಪ್ರತಿ ಕ್ಷಣದ ದನಿಯನ್ನೂ ಹತ್ತಿರದ ಸ್ವರಕ್ಕೆ ಎಳೆಯುತ್ತದೆ. ಸ್ವರ ತೂಗಿಸುವ ಕಂಪಿತ ಗಮಕ ಎರಡು ಸ್ವರಗಳ ನಡುಗೆರೆ ದಾಟಿದ ಕೂಡಲೇ ಅದು ಆಚೆಯ ಸ್ವರಕ್ಕೆ ಹಾರುತ್ತದೆ, ಮರಳಿ ಈಚೆಗೆ ಹಾರುತ್ತದೆ. ನೀವು ಕೇಳುತ್ತಿರುವುದು ಆ ಹಾರಾಟ. ನೆಟ್ಟಗೆ ಹಾಡಿಸಿ ಮತ್ತೆ ರೆಕಾರ್ಡ್ ಮಾಡಿ, ಸ್ವಯಂಚಾಲಿತ ತಿದ್ದುಪಡಿ ಪೂರ್ತಿ ತೆಗೆಯಿರಿ, ತಪ್ಪಿದ ಸ್ವರಗಳನ್ನಷ್ಟೇ ಗ್ರಾಫ್‌ನಲ್ಲಿ ಕೈಯಿಂದ ಸರಿಪಡಿಸಿ. ಐದು ಮನೆ ಶ್ರುತಿಯೆಂದರೆ ಜಿ, ಹಾಡೂ ಜಿಯಲ್ಲೇ ಇರಲಿ. ಚರಣ ಮಧ್ಯಸ್ಥಾಯಿಯ ಸದಿಂದ ಪವರೆಗೆ ಮಾತಾಡಿದಂತೆ ಹೋಗಲಿ, ಕೋರಸ್ ತಾರಸ್ಥಾಯಿಯ ಸ ರಿ ಗ ಮುಟ್ಟಲಿ. ಈಗಿನ ರೆಕಾರ್ಡಿಂಗ್‌ನಲ್ಲಿ ಎರಡೂ ಒಂದೇ ಎತ್ತರದಲ್ಲಿವೆ, ಹಾಗಾಗಿ ಕೋರಸ್ ಬಂದದ್ದೇ ಗೊತ್ತಾಗುವುದಿಲ್ಲ. ಬಟ್ಟೆ ತುಂಬಿದ ಕ್ಲಾಸೆಟ್‌ನಲ್ಲಿ ನಿಂತು, ಮೈಕಿನಿಂದ ಒಂದು ಗೇಣು ದೂರದಲ್ಲಿ ಹಾಡಿದರೆ ಕೋಣೆಯ ಗುಂಯ್‌ಗುಡುವಿಕೆ ಹೋಗುತ್ತದೆ. 24 ಬಿಟ್, 48 ಕಿಲೋಹರ್ಟ್ಸ್ ಇಡಿ, ಮುಂದೆ ವಿಡಿಯೊಗೆ ಅದೇ ಬೇಕು.

ಪೆಡಲ್ ಸ್ಟೀಲ್ ಕೀಬೋರ್ಡಿನಲ್ಲಿ ಯಾಕೆ ಸುಳ್ಳು ಕೇಳುತ್ತದೆ ಎಂದು ನೋಡಬೇಕಾದರೆ ವಾದ್ಯದ ಹತ್ತಿರ ಹೋಗಬೇಕು. ಮೇಜಿನಂಥ ಚೌಕಟ್ಟಿನ ಮೇಲೆ ಹತ್ತು ತಂತಿ, ಎಡಗೈಯಲ್ಲಿ ಉಕ್ಕಿನ ಸರಳು, ಕೆಳಗೆ ಮೂರು ಪೆಡಲ್, ಮೊಣಕಾಲಿಂದ ತಳ್ಳುವ ನಾಲ್ಕೈದು ಲಿವರ್. ಇ-ನೈನ್ ಎಂಬ ರೂಢಿಯ ಶ್ರುತಿಯಲ್ಲಿ ಬಿಡಿ ತಂತಿಗಳಿಂದ ಇ ಮೇಜರ್ ಹಿಡಿದಿದ್ದೀರಿ ಎನ್ನಿ: ಸ, ಗ, ಪ. ಮೊದಲ ಎರಡು ಪೆಡಲ್ ಒತ್ತಿದರೆ ಪ ಒಂದು ಪೂರ್ಣ ಸ್ವರ ಮೇಲೇರಿ ಧ ಆಗುತ್ತದೆ, ಗ ಅರ್ಧ ಸ್ವರ ಏರಿ ಮ ಆಗುತ್ತದೆ, ಸ ಮಾತ್ರ ಅಲ್ಲಾಡದೆ ನಿಂತಿರುತ್ತದೆ. ಒಂದು ನಿಂತು ಎರಡು ಜಾರುವ ಆ ಕ್ಷಣವೇ ಸ್ಟೀಲ್‌ನ ನೋವು. ಕೀಬೋರ್ಡಿನ ಪಿಚ್ ಚಕ್ರ ಮೂರನ್ನೂ ಒಂದೇ ಅಳತೆಗೆ ಎತ್ತುತ್ತದೆ, ಹಾಗಾಗಿ ನೋವಿನ ಬದಲು ಸೈರನ್ ಕೇಳುತ್ತದೆ. ಮೂರು ಸ್ವರಗಳನ್ನು ಮೂರು ಮಿಡಿ ಚಾನೆಲ್‌ಗೆ ಹಂಚಿ ಬೇರೆಬೇರೆ ಎಳೆಯಬಹುದು, ಆದರೆ ಅಷ್ಟು ಹೆಣಗುವ ಬದಲು ನಿಜವಾದ ವಾದಕರಿಂದ ನುಡಿಸಿ. ತಮ್ಮ ಮನೆಯಿಂದಲೇ ರೆಕಾರ್ಡ್ ಮಾಡಿ ಕಳಿಸುವ ನ್ಯಾಶ್‌ವಿಲ್ ವಾದಕರು ಬಹಳ ಮಂದಿ ಇದ್ದಾರೆ, ಒಂದು ಹಾಡಿಗೆ ಸುಮಾರು 100ರಿಂದ 250 ಡಾಲರ್. ಕಳಿಸುವಾಗ ನಿಮ್ಮ ಕೀಬೋರ್ಡ್ ಸ್ಟೀಲನ್ನು ತೆಗೆದ ಮಿಕ್ಸ್ ಕಳಿಸಿ. "ಹಾಡುವಾಗ ಸುಮ್ಮನಿರಿ, ಸಾಲು ಮುಗಿದ ಮೇಲೆ ಮಾತಾಡಿ" ಎಂದು ಬರೆಯಿರಿ. ಈಗ ನಿಮ್ಮ ಟ್ರ್ಯಾಕ್‌ನಲ್ಲಿ ದನಿಯ ಮೇಲೆ ಸ್ಟೀಲ್, ಅದರ ಮೇಲೆ ಸ್ಟ್ರಿಂಗ್ಸ್, ಎಲ್ಲವೂ ಒಟ್ಟಿಗೆ ಮಾತಾಡುತ್ತಿವೆ.

ಜೊತೆಗೆ ನಂಬರ್ ಚಾರ್ಟ್ ಒಂದನ್ನು ಕಳಿಸಿ. ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಂಪು) ಹೆಸರಿನ ಬದಲು ಅಂಕಿಯಲ್ಲಿ ಬರೆಯುವ ಈ ಪದ್ಧತಿಯನ್ನು 1950ರ ದಶಕದ ಕೊನೆಯಲ್ಲಿ ಜಾರ್ಡನೇರ್ಸ್ ಎಂಬ ಗಾಯಕ ತಂಡದ ನೀಲ್ ಮ್ಯಾಥ್ಯೂಸ್ ಶುರುಮಾಡಿದರು, ಚಾರ್ಲಿ ಮೆಕಾಯ್ ಮುಂತಾದ ವಾದಕರು ಬೆಳೆಸಿದರು. ನಿಮ್ಮ ಮನೆಯಲ್ಲಿ ಇದನ್ನು ವಿವರಿಸಬೇಕಾಗಿಯೇ ಇಲ್ಲ: ಸ ಎಂದರೆ 1, ಮ ಎಂದರೆ 4, ಪ ಎಂದರೆ 5. ಜಿ, ಸಿ, ಇ ಮೈನರ್, ಡಿ ಎಂಬುದು 1, 4, 6-, 5 ಆಗುತ್ತದೆ, ಗೆರೆ ಎಂದರೆ ಮೈನರ್. ನಾಳೆ ಗಂಟಲು ಸರಿಯಿಲ್ಲದೆ ಶ್ರುತಿ ಅರ್ಧ ಮನೆ ಇಳಿಸಿದರೂ ಚಾರ್ಟ್ ಬದಲಾಗದು.

ಅಕೂಸ್ಟಿಕ್ ಗಿಟಾರನ್ನು ಕೇಬಲ್ ಚುಚ್ಚಿ ನೇರ ತೆಗೆದುಕೊಂಡಿದ್ದೀರಿ, ಅದಕ್ಕೇ ರಬ್ಬರ್ ಬ್ಯಾಂಡಿನ ಸದ್ದು. ಮೈಕ್ ಇಡಿ, ಹನ್ನೆರಡನೇ ಫ್ರೆಟ್‌ನಿಂದ ಸುಮಾರು 30 ಸೆಂಟಿಮೀಟರ್ ದೂರ, ಸೌಂಡ್ ಹೋಲ್‌ಗೆ ಎದುರಾಗಿ ಬೇಡ. ಎರಡು ಸಲ ನುಡಿಸಿ, ಒಂದು ಎಡಕ್ಕೆ, ಒಂದು ಬಲಕ್ಕೆ. ಎರಡನೆಯದನ್ನು ಏಳನೇ ಫ್ರೆಟ್‌ನಲ್ಲಿ ಕೇಪೋ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್) ಹಾಕಿ ಸಿ ಆಕಾರಗಳಲ್ಲಿ ನುಡಿಸಿದರೆ ಅದೇ ಜಿ ಶ್ರುತಿ ಬೇರೆ ಎತ್ತರದಲ್ಲಿ ಮಿನುಗುತ್ತದೆ. ಇನ್ನೊಂದು ಗಿಟಾರ್ ಇದ್ದರೆ ದಪ್ಪ ನಾಲ್ಕು ತಂತಿಗಳ ಜಾಗದಲ್ಲಿ ತೆಳು ತಂತಿ ಹಾಕಿ ಒಂದು ಸ್ಥಾಯಿ ಮೇಲೆ ಕಟ್ಟಿ. ನ್ಯಾಶ್‌ವಿಲ್ ಟ್ಯೂನಿಂಗ್ ಎಂದೇ ಅದಕ್ಕೆ ಹೆಸರು. ಡ್ರಮ್ ಚರಣದಲ್ಲಿ ರಿಮ್‌ನ (ಅಂಚಿನ) ಟಕ್ ಸದ್ದಿನಲ್ಲಷ್ಟೇ ಇರಲಿ, ಸ್ನೇರ್ ಡ್ರಮ್ಮಿನ ಪೂರ್ತಿ ಏಟು ಕೋರಸ್‌ಗೆ ಬರಲಿ.

ಎಷ್ಟು ಕಂಟ್ರಿ, ಎಷ್ಟು ಪಾಪ್ ಎಂಬುದು ಕಡೆಗೆ ಮಿಕ್ಸ್‌ನಲ್ಲಿ ತೀರ್ಮಾನವಾಗುವ ಮಾತು. ಶನಾಯಾ ಟ್ವೈನ್ ಅವರ 1997ರ "ಕಮ್ ಆನ್ ಓವರ್" ಆಲ್ಬಮ್ ಅಮೆರಿಕದಲ್ಲಿ ಫಿಡ್ಲ್, ಸ್ಟೀಲ್ ಮುಂದಿಟ್ಟುಕೊಂಡು ಬಂತು. ಹೊರದೇಶಗಳಿಗೆ ಅವನ್ನು ತಗ್ಗಿಸಿದ ಬೇರೆ ಮಿಕ್ಸ್ ಹೋಯಿತು. ಹಾಡು ಅದೇ, ದನಿಯೂ ಅದೇ. ಹಾಗಾಗಿ ಎಲ್ಲ ಟ್ರ್ಯಾಕ್‌ಗಳನ್ನೂ ಬಿಡಿಬಿಡಿಯಾಗಿ ಉಳಿಸಿಕೊಳ್ಳಿ.

ಈಗ ಆ 6,800 ಡಾಲರ್. ಕೊಡಬೇಡಿ. ಸ್ಟುಡಿಯೊ, ವಾದಕರು, ಕ್ಯಾಮೆರಾದವರು ಕೆಲಸಕ್ಕೆ ಹಣ ಪಡೆಯುವುದು ನ್ಯಾಯ. ಪಬ್ಲಿಷಿಂಗ್‌ಗೆ ಹಾಡು ಬರೆದವರಿಂದಲೇ ಹಣ ಕೇಳುವುದು ನ್ಯಾಯವಲ್ಲ. ನಿಜವಾದ ಪಬ್ಲಿಷರ್ ಹಾಡು ದುಡಿದಾಗ ಅದರಲ್ಲಿ ಪಾಲು ತೆಗೆದುಕೊಳ್ಳುತ್ತಾರೆ, ಮುಂಗಡ ಕೇಳುವುದಿಲ್ಲ. ಇಂಥವರಿಗೆ ಅಲ್ಲಿ "ಸಾಂಗ್ ಶಾರ್ಕ್" ಎಂಬ ಹೆಸರೇ ಇದೆ. ರೇಡಿಯೊ ಪ್ರಚಾರ ಲೇಬಲ್‌ಗಳು ಸಿಬ್ಬಂದಿ ಇಟ್ಟುಕೊಂಡು ತಿಂಗಳುಗಟ್ಟಲೆ ಮಾಡುವ ಕೆಲಸ. ಪ್ಯಾಕೇಜಿನ ಒಂದು ಸಾಲಾಗಿ ಬಂದರೆ ಅದು ಸಾಮೂಹಿಕ ಇಮೇಲ್‌ಗಿಂತ ಹೆಚ್ಚೇನೂ ಆಗಿರದು. ಅದರ ಬದಲು ಎರಡು ದಾರಿ ಇವೆ. ಮನೆಯಲ್ಲೇ ದನಿ, ಗಿಟಾರ್ ಮಾಡಿಕೊಂಡು ಸ್ಟೀಲ್, ಫಿಡ್ಲ್, ಮಿಕ್ಸಿಂಗ್ ಮಾತ್ರ ಹೊರಗೆ ಕೊಡುವುದು. ಖರ್ಚು ಕಡಿಮೆ, ಆದರೆ ಲಯ ಅಲುಗಾಡಿದ್ದರೆ ಮೇಲೆ ಯಾರು ನುಡಿಸಿದರೂ ನಿಲ್ಲದು, ಕಿವಿಯಲ್ಲಿ ತಾಳದ ಕ್ಲಿಕ್ ಹಾಕಿಕೊಂಡೇ ರೆಕಾರ್ಡ್ ಮಾಡಿ. ಇಲ್ಲವಾದರೆ ಡೆಮೊ ಸ್ಟುಡಿಯೊಗೆ ಹೋಗುವುದು. ಅಲ್ಲಿ ಸೆಷನ್ ಎಂದರೆ ಮೂರು ಗಂಟೆ, ರೂಢಿಯಂತೆ ಬೆಳಿಗ್ಗೆ ಹತ್ತು, ಮಧ್ಯಾಹ್ನ ಎರಡು, ಸಂಜೆ ಆರಕ್ಕೆ ಶುರು. ಪಳಗಿದ ವಾದಕರು ಅಷ್ಟರಲ್ಲಿ ನಾಲ್ಕೈದು ಡೆಮೊ ಮುಗಿಸುತ್ತಾರೆ. ಬೇರೆಯವರೊಂದಿಗೆ ಸೆಷನ್ ಹಂಚಿಕೊಂಡರೆ ನಿಮ್ಮ ಪಾಲು ಇಳಿಯುತ್ತದೆ. ಅಲ್ಲಿನ ಅಪಾಯವೆಂದರೆ ವೇಗ: ಸಾಹಿತ್ಯ, ಶ್ರುತಿ, ಟೆಂಪೊ ಗಟ್ಟಿಯಾಗದೆ ಹೋದರೆ ಅಲ್ಲಿ ಯೋಚಿಸಲು ಹೊತ್ತಿಲ್ಲ. ಎರಡರಲ್ಲಿ ನಿಮಗೆ ಮೊದಲನೆಯದೇ ಸರಿ, ಅವರ ದನಿಗೆ ಹೊಸ ಗಮಕ ಒಗ್ಗಲು ಕೆಲವು ವಾರ ಬೇಕು. ಯಾರೊಂದಿಗೆ ಒಪ್ಪಂದವಾದರೂ ಮಾಸ್ಟರ್ (ಮೂಲ ರೆಕಾರ್ಡಿಂಗ್) ಯಾರದ್ದು, ಬಿಡಿ ಟ್ರ್ಯಾಕ್ ಕೊಡುತ್ತಾರೋ ಇಲ್ಲವೋ, ತಿದ್ದುಪಡಿ ಎಷ್ಟು ಸಲ ಎಂಬುದು ಬರಹದಲ್ಲಿರಲಿ. ಎಚ್-1ಬಿಯಲ್ಲಿ ಅರ್ಜಿ ಹಾಕಿದ ಉದ್ಯೋಗದಾತರಿಗಷ್ಟೇ ದುಡಿಯಲು ಅವಕಾಶ. ಮನೆಯವರಿಗಾಗಿ ಹಾಡು ಮಾಡುವುದು ಒಂದು, ಹಣ ಪಡೆದು ಬಾರ್‌ನಲ್ಲಿ ಹಾಡುವುದು ಇನ್ನೊಂದು. ವಿಡಿಯೊಗೆ ಜಾಹೀರಾತು ಹಣ ಆನ್ ಮಾಡುವ ಮೊದಲೂ ವಲಸೆ ವಕೀಲರನ್ನು ಕೇಳಿ.

ವಿಡಿಯೊ. ಹುಲ್ಲುಗಾವಲಿನಲ್ಲಿ ಸಂಜೆ ಬೆಳಕಿಗೆ ನಿಮ್ಮವರು ಹಾಡುವುದು ಒಂದು ಭಾಗ, ಅದು ಚೆನ್ನಾಗಿದೆ, ಇರಲಿ. ಸೆಪ್ಟೆಂಬರ್ ನಡುವಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಏಳಕ್ಕೆ ತುಸು ಮೊದಲು, ಹೊಂಬಣ್ಣ ಸಿಗುವುದು ಕೊನೆಯ ಅರ್ಧ ಗಂಟೆ. ಮೂರೂವರೆ ನಿಮಿಷದ ಹಾಡು, ನಡುವೆ ಎರಡು ನಿಮಿಷ ಹೊಂದಿಸಿಕೊಳ್ಳಲು: ಐದು ಟೇಕ್, ಅಷ್ಟೇ. ಆ ಐದನ್ನೂ ದೂರದ, ನಡುದೂರದ ಶಾಟ್‌ಗಳಿಗೆ ಕೊಡಿ. ಕ್ಲೋಸಪ್‌ಗಳನ್ನು ಅದಕ್ಕೂ ಒಂದು ಗಂಟೆ ಮೊದಲೇ ಮುಗಿಸಿ. ಸೂರ್ಯ ಬೆನ್ನ ಹಿಂದೆ ಇರಲಿ, ಮುಖಕ್ಕೆ ಎದುರಾಗಿ ಆರೇಳು ಅಡಿ ದೂರದಲ್ಲಿ ಬಿಳಿ ಫೋಮ್ ಬೋರ್ಡ್ ಹಿಡಿಯಿರಿ, ನಮ್ಮ ಸೆಟ್‌ಗಳಲ್ಲಿ ಥರ್ಮಾಕೋಲ್ ಹಿಡಿಯುವಂತೆ. ಮುಖದ ಬೆಳಕನ್ನು ಹೀಗೆ ಕಟ್ಟಬಹುದು, ಇಡೀ ಬಯಲಿನ ಬೆಳಕನ್ನು ಕಟ್ಟಲಾಗದು.

ಹಾಡಿಗೆ ತುಟಿ ಹೊಂದದೆ ಹೋಗುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಫೋನುಗಳು ಬೆಳಕು ನೋಡಿಕೊಂಡು ಫ್ರೇಮ್ ವೇಗವನ್ನು ತಾವೇ ಏರಿಳಿಸುತ್ತವೆ, ಹಾಡು ಮುಂದೆ ಹೋದಂತೆ ತುಟಿ ಹಿಂದುಳಿಯುತ್ತದೆ. ವೇಗವನ್ನು 24ಕ್ಕೆ ಬಿಗಿಹಿಡಿಯುವ ಕ್ಯಾಮೆರಾ ಆ್ಯಪ್ ಬಳಸಿ. ಇನ್ನೊಂದು, ಸ್ಪೀಕರ್ ದೂರ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, 24 ಫ್ರೇಮ್ ಲೆಕ್ಕದಲ್ಲಿ 14 ಮೀಟರ್ ದೂರಕ್ಕೆ ಒಂದು ಫ್ರೇಮ್ ತಡ. ಕ್ಯಾಮೆರಾ ಪಕ್ಕ ಸ್ಪೀಕರ್ ಇಟ್ಟು ಅವರನ್ನು ಬೇಲಿಯಾಚೆ ನಿಲ್ಲಿಸಿದರೆ ಎರಡು ಫ್ರೇಮ್ ಹೋಯಿತು. ಕೂದಲ ಮರೆಯಲ್ಲಿ ಒಂದು ಇಯರ್‌ಪೀಸ್ ಇಡಿ. ಕೂದಲು, ಸೆರಗು ನಿಧಾನ ಹಾರಬೇಕು, ತುಟಿ ಮಾತ್ರ ಸರಿಯಿರಬೇಕು ಎಂದರೆ ಹಾಡನ್ನು 125 ಶೇಕಡ ವೇಗದಲ್ಲಿ ಹಾಕಿ, ಕ್ಯಾಮೆರಾ 30 ಫ್ರೇಮ್‌ಗೆ ಇಟ್ಟು, ಎಡಿಟ್‌ನಲ್ಲಿ 24ಕ್ಕೆ ಇಳಿಸಿ. 76ರ ಹಾಡು ಆಗ 95ಕ್ಕೆ ಓಡುತ್ತದೆ, ಮನೆಯಲ್ಲಿ ಅಭ್ಯಾಸ ಮಾಡಿಸಿ. ಯಾವ ವೇಗವಾದರೂ ಅವರು ಗಟ್ಟಿಯಾಗಿ ಹಾಡಲೇಬೇಕು. ಬರೀ ತುಟಿ ಆಡಿಸಿದರೆ ಕೊರಳಿನ ನರ, ಎದೆಯ ಉಸಿರು ಸುಳ್ಳು ಹೇಳುತ್ತವೆ.

ಡ್ರೋನ್ ಬೇಡ. ಫ್ರಾಂಕ್ಲಿನ್ ಬಳಿಯ ನ್ಯಾಚೆಜ್ ಟ್ರೇಸ್ ರಸ್ತೆಯ ಜೋಡಿ ಕಮಾನಿನ ಸೇತುವೆ ಕಣ್ಣಿಗೆ ಬಿದ್ದಿರುತ್ತದೆ. ಅದು ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಜಾಗ, ಅಲ್ಲಿಂದ ಡ್ರೋನ್ ಹಾರಿಸುವುದು ನಿಷಿದ್ಧ. ಹಣ ತರುವ ವಿಡಿಯೊ ಆದರೆ ಬೇರೆಡೆಯೂ ಅಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎಯ ಪಾರ್ಟ್ 107 ಪರವಾನಗಿ ಬೇಕು. ಹುಲ್ಲುಗಾವಲಿನ ಮಾಲೀಕರಿಂದ ಒಂದು ಪುಟದ ಒಪ್ಪಿಗೆ ಬರೆಸಿಕೊಳ್ಳಿ.

ಟ್ರಕ್ ಬಾಡಿಗೆಯ ಹಣವನ್ನು ಶಿವಮೊಗ್ಗದಲ್ಲಿರುವ ತಮ್ಮನಿಗೋ ಗೆಳೆಯನಿಗೋ ಕಳಿಸಿ. ಮಳೆ ನಿಲ್ಲುವ ಮೊದಲು ಅದೇ ದಾರಿಯ ಬಸ್ಸಿನಲ್ಲಿ, ಕಂಡಕ್ಟರ್‌ಗೆ ಹೇಳಿ, ಕಿಟಕಿ ಪಕ್ಕದ ಒಂದು ಖಾಲಿ ಸೀಟು, ಗಾಜಿನ ಮೇಲಿಳಿಯುವ ನೀರು, ಮೇಲಿನ ಕಂಬಿ ಹಿಡಿದ ಒಂದು ಕೈ, ಇಷ್ಟನ್ನು ತೆಗೆಯಲಿ. ಬೇರೆ ಪ್ರಯಾಣಿಕರ ಮುಖ ಬೇಡ. ತೆಗೆಯುವವರ ಫೋನೂ 24 ಫ್ರೇಮ್‌ಗೇ ಇರಲಿ, ಶಟರ್ ಸೆಕೆಂಡಿನ 50ರಲ್ಲಿ ಒಂದು. ನಮ್ಮ ವಿದ್ಯುತ್ 50 ಹರ್ಟ್ಸ್, ಬೇರೆ ಇಟ್ಟರೆ ನಿಲ್ದಾಣದ ಟ್ಯೂಬ್‌ಲೈಟ್ ಮಿಣುಕುತ್ತದೆ. ಟೆನೆಸೀಯಲ್ಲಿ ಮನೆಯೊಳಗೆ ತೆಗೆಯುವಾಗ 60 ಹರ್ಟ್ಸ್ ಲೆಕ್ಕ, ಶಟರ್ 60ರಲ್ಲಿ ಒಂದು.

ಟಿಕೆಟ್ಟಿನ ಕ್ಲೋಸಪ್ ಕೊನೆಯ ಕೋರಸ್‌ವರೆಗೆ ತೋರಿಸಬೇಡಿ, ಅಲ್ಲಿಯವರೆಗೆ ಅದು ನಿಮ್ಮ ಹೆಂಡತಿಯ ಮುಚ್ಚಿದ ಅಂಗೈಯಲ್ಲಿರಲಿ. ಆದರೆ ಶೂಟಿಂಗ್ ದಿನಕ್ಕೆ ಕಾಯದೆ ಈ ವಾರವೇ ಅದರ ಎರಡೂ ಬದಿಯ ಒಳ್ಳೆಯ ಫೋಟೊ ತೆಗೆದಿಡಿ. ಮೆಷಿನ್ ಟಿಕೆಟ್ ಥರ್ಮಲ್ ಕಾಗದದ್ದಾಗಿದ್ದರೆ ಬೆಳಕಿಗೆ ಅಕ್ಷರ ಮಾಸುತ್ತದೆ, ಬಿಸಿಗೆ ಕಾಗದ ಕಪ್ಪಾಗುತ್ತದೆ. ಬಿಸಿ ಲೈಟಿನ ಹತ್ತಿರ ತರಬೇಡಿ, ಮತ್ತು ಎಷ್ಟೇ ಆಸೆಯಾದರೂ ಅದನ್ನು ಲ್ಯಾಮಿನೇಟ್ ಮಾಡಿಸಬೇಡಿ.